ನೆಸ್ಟತ್ತೆ ಕೈಬಿಡದ ಅಧ್ಯಾಯ

ನನ್ನ ತಾತ ಇಥೆಲ್ ಬೆವನ್ ಹನ್ನೆರಡು ವರ್ಷದವನಿದ್ದಾಗ ಈ ದಂಡೆಯಲ್ಲಿ ಹಡಗಿನಿಂದ ಇಳಿದವನು. ೧೮೬೫ರಲ್ಲಿ ವೇಲ್ಸ್ ಬಿಟ್ಟು, ದಕ್ಷಿಣ ಅಮೆರಿಕದ ತುದಿಯ ಪಟಗೋನಿಯಾಕ್ಕೆ ಬಂದ ನೂರೈವತ್ತು ಚಿಲ್ಲರೆ ಜನರಲ್ಲಿ ಅವನೂ ಒಬ್ಬ. ಇಂಗ್ಲಿಷಿನವರ ನೆರಳಿನಲ್ಲಿದ್ದರೆ ನಮ್ಮ ವೆಲ್ಷ್ ಮಾತು ಸತ್ತುಹೋಗುತ್ತದೆ, ಯಾರೂ ಇಲ್ಲದ ಕಡೆ ಹೋದರೆ ಉಳಿಯುತ್ತದೆ ಎಂದು ನಂಬಿ ಬಂದವರು ಅವರು. ಯಾರೂ ಇಲ್ಲ ಎಂದುಕೊಂಡದ್ದೂ ತಪ್ಪೇ. ತೆಹುವೆಲ್ಚೆ ಜನ ಮೊದಲೇ ಇದ್ದರು. ಅವರು ಮಾಂಸ ಕೊಡದಿದ್ದರೆ ನಮ್ಮವರು ಮೊದಲ ವರ್ಷವೇ ಮುಗಿದುಹೋಗುತ್ತಿದ್ದರು. ಆಮೇಲೆ ಅರ್ಜೆಂಟೀನಾ ಸರ್ಕಾರ ಬಂತು, ಅದರ ಹಿಂದೆ ಸ್ಪ್ಯಾನಿಷ್ ಶಾಲೆ ಬಂತು.

ತಾತನಿಗೆ ಬರೆಯುವ ಹುಚ್ಚಿತ್ತು. ಹೊಲದಲ್ಲಿ ಕೆಲಸವಿಲ್ಲದ ಚಳಿಗಾಲದ ಮಧ್ಯಾಹ್ನಗಳಲ್ಲಿ ಕುದುರೆ ಹತ್ತಿ ಮನೆಮನೆಗೆ ಹೋಗಿ, ಹಳಬರ ಮುಂದೆ ಕೂತು, ಅವರು ಹೇಳಿದ್ದನ್ನೆಲ್ಲ ವೆಲ್ಷ್‌ನಲ್ಲಿ ಬರೆದುಕೊಳ್ಳುತ್ತಿದ್ದ. ಹಡಗಿನಲ್ಲಿ ಯಾರ ಮಗು ಸತ್ತಿತು, ನೀರು ಹುಡುಕಲು ಹೋದ ಯಾರು ಮರಳಿ ಬರಲೇ ಇಲ್ಲ, ನದಿಯಿಂದ ಹೊಲಕ್ಕೆ ಮೊದಲ ಕಾಲುವೆ ತೋಡಿದವರು ಯಾರು, ಆ ಉಪಾಯ ಮೊದಲು ಹೊಳೆದದ್ದು ಯಾವ ಹೆಂಗಸಿಗೆ, ಹೀಗೆ. ಇಪ್ಪತ್ತು ವರ್ಷ ಬರೆದ. ಊರಿನವರು ಅವನಿಗೆ ಸತ್ತವರ ಗುಮಾಸ್ತ ಎಂದು ಅಡ್ಡಹೆಸರಿಟ್ಟಿದ್ದರು. ಬರೆದ ಹಾಳೆಗಳನ್ನು ಅವನು ಒಂದು ಪೈನ್ ಮರದ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಮುಗಿದ ಮೇಲೆ ಅಚ್ಚು ಹಾಕಿಸುವುದು, ಒಂದೊಂದು ಮನೆಗೆ ಒಂದೊಂದು ಪ್ರತಿ ಕೊಡುವುದು, ಇದು ಅವನ ಆಸೆ.

ಅವನಿಗೆ ಇಬ್ಬರು ಮಕ್ಕಳು. ದೊಡ್ಡವಳು ನೆಸ್ಟ, ನನ್ನ ಸೋದರತ್ತೆ. ಹತ್ತು ವರ್ಷದ ಅಂತರದಲ್ಲಿ ಹುಟ್ಟಿದವನು ಗ್ವಿಲಿಮ್, ನನ್ನ ಅಪ್ಪ. ನಾನು ಹೇಳಹೊರಟಿರುವುದು ನೆಸ್ಟತ್ತೆಯ ಕಥೆ.

೧೮೯೯ರ ಜುಲೈನಲ್ಲಿ, ಅಂದರೆ ಈ ಕಡೆಯ ನಡುಚಳಿಗಾಲದಲ್ಲಿ, ನಮ್ಮ ಕಣಿವೆಯ ಚುಬುತ್ ನದಿ ಉಕ್ಕಿತು. ಅತ್ತೆಗೆ ಆಗ ಹತ್ತೊಂಬತ್ತು. ಎರಡು ಹೊಲ ಆಚೆಯ ಎಮ್ಲಿನ್ ಹ್ಯಾರಿಸ್ ಎನ್ನುವವನ ಜೊತೆ ಮದುವೆ ಗೊತ್ತಾಗಿತ್ತು. ಮದುವೆಯ ಉಡುಪಿಗೆಂದು ವೇಲ್ಸಿನಲ್ಲಿದ್ದ ಚಿಕ್ಕಮ್ಮ ಬೂದುಬಣ್ಣದ ಉಣ್ಣೆಬಟ್ಟೆಯ ಥಾನು ಕಳಿಸಿದ್ದಳು. ಎಂಟು ತಿಂಗಳು ಹಡಗಿನಲ್ಲಿ, ಬಂದರಿನಲ್ಲಿ ಬಿದ್ದು ಬಂದ ಬಟ್ಟೆ. ಅತ್ತೆ ಅದನ್ನು ತನ್ನ ಟ್ರಂಕಿನಲ್ಲಿಟ್ಟು ದಿನಕ್ಕೊಮ್ಮೆ ತೆರೆದು ಮುಟ್ಟಿ ನೋಡುತ್ತಿದ್ದಳಂತೆ.

ಒಂದು ವಾರದಿಂದ ಗಂಡಸರೆಲ್ಲ ನದಿಯ ಏರಿಗೆ ಮಣ್ಣು ಹೊರುತ್ತಿದ್ದರು. ಒಂದು ದಿನ ಮಧ್ಯಾಹ್ನ ತಾತ ಓಡಿಬಂದ. ಏರಿ ಒಡೆದಿತ್ತು. ಬಂಡಿಗೆ ಕುದುರೆ ಕಟ್ಟಿ, ಹಿಟ್ಟಿನ ಮೂಟೆ ಎಸೆದು, ಜ್ವರದಲ್ಲಿದ್ದ ಅಜ್ಜಿ ಹನ್ನಾಳನ್ನು ಎತ್ತಿ ಕೂರಿಸಿ, ಗ್ವಿಲಿಮ್‌ನನ್ನು ಅವಳ ಮಡಿಲಿಗೆ ಹಾಕಿದ. ಗಾಳಿ ಕಿವಿಗಡಚಿಕ್ಕುವಂತೆ ಬೀಸುತ್ತಿತ್ತು. ಆ ಗಾಳಿಯಲ್ಲೇ ಮಗಳಿಗೆ ಕೂಗಿ ಹೇಳಿದ.

"ನೆಸ್ಟ, ಒಳಗೆ ಹೋಗು. ಕಿಟಕಿ ಕೆಳಗಿರೋ ನನ್ನ ಪೆಟ್ಟಿಗೆ ತಗೊಂಡು ಬಾ! ಬೇಗ!"

ಅತ್ತೆ ಒಳಗೆ ಹೋದಳು. ಕಿಟಕಿಯ ಕೆಳಗೆ ಪೆಟ್ಟಿಗೆಯಿತ್ತು, ಪಕ್ಕದಲ್ಲಿ ಅವಳ ಟ್ರಂಕು. ಒಬ್ಬಳಿಂದ ಎರಡೂ ಆಗುವುದಿಲ್ಲ. ನೀರು ಇನ್ನೂ ಹೊಸ್ತಿಲಿಗೂ ಬಂದಿರಲಿಲ್ಲ. ನಾಳೆಯೋ ನಾಡಿದ್ದೋ ಮನೆಗೆ ವಾಪಸ್ಸು ಬರುತ್ತೇವಲ್ಲ ಎಂದುಕೊಂಡಳು. ಪೆಟ್ಟಿಗೆಯನ್ನು ಎತ್ತಿ ಮೇಜಿನ ಮೇಲಿಟ್ಟಳು. ಟ್ರಂಕು ಹೊತ್ತುಕೊಂಡು ಹೊರಗೆ ಬಂದಳು. ತಾತ ಮುಂದೆ ಕುದುರೆಗಳ ಹತ್ತಿರ ಇದ್ದ, ನೋಡಲಿಲ್ಲ.

ಗುಡ್ಡ ಹತ್ತಿ ನಿಂತು ತಿರುಗಿದಾಗ ಕಣಿವೆ ಸಮುದ್ರವಾಗಿತ್ತು. ನಮ್ಮ ಮನೆಗಳೆಲ್ಲ ಹಸಿ ಇಟ್ಟಿಗೆಯವು. ನೀರು ಸುತ್ತುವರಿದ ಒಂದು ಗಂಟೆಗೆ ಗೋಡೆಗಳು ಕುಸಿದು ಕೂತವು, ಮಾಡು ತೇಲಿಕೊಂಡು ಹೋಯಿತು. ಜನ ಗುಡ್ಡದ ಮೇಲೆ ಸಾಲಾಗಿ ನಿಂತು ತಂತಮ್ಮ ಮನೆ ಕರಗುವುದನ್ನು ನೋಡಿದರು.

ಆಗ ತಾತ ಬಂಡಿಯಲ್ಲಿ ಕೈಯಾಡಿಸಿದ.

"ಪೆಟ್ಟಿಗೆ ಎಲ್ಲಮ್ಮ?"

"ಯಾವ ಪೆಟ್ಟಿಗೆ?"

"ನನ್ನ ಬರವಣಿಗೆದು. ತಗೊಂಡು ಬಾ ಅಂದೆನಲ್ಲ."

ಅತ್ತೆ ಹೇಳಿದಳು, "ನೀನು ಹೇಳಲೇ ಇಲ್ವಲ್ಲ ಅಪ್ಪ. ನಿನ್ನ ಸಾಮಾನು ತಗೋ ಅಂದೆ. ಅಷ್ಟೇ ಅಂದಿದ್ದು."

ತಾತ ಅವಳ ಮುಖವನ್ನೇ ನೋಡಿದ. "ಹೇಳಲಿಲ್ವಾ?"

"ಇಲ್ಲ."

"ಹೇಳಿದೆ ಅಂದ್ಕೊಂಡೆ," ಎಂದು ಅವನು ಬಂಡಿಯ ಗಾಲಿಗೆ ಒರಗಿ ಕೂತ. "ಮನಸ್ಸಲ್ಲೇ ಅಂದ್ಕೊಂಡೆನೋ ಏನೋ. ತಲೆ ಕೆಟ್ಟುಹೋಗಿತ್ತು."

ಜುಲೈ ತಿಂಗಳ ಹಿಮಗಾಳಿಯಲ್ಲಿ ಹದಿನೈದು ದಿನ ಆ ಗುಡ್ಡದ ಮೇಲೆ ಗುಡಾರ ಹಾಕಿಕೊಂಡು ಇದ್ದರು. ಅತ್ತೆ ಥಾನನ್ನು ಬಿಚ್ಚಿ ಅಜ್ಜಿಗೂ ತಮ್ಮನಿಗೂ ಹೊದಿಸಿದಳು. ಎರಡೇ ದಿನಕ್ಕೆ ಅದು ಕೆಸರು ಬಟ್ಟೆಯಾಯಿತು. ನೀರು ಇಳಿದ ಮೇಲೆ ತಾತ ಒಂದು ಕಬ್ಬಿಣದ ಸಲಾಕಿ ಹಿಡಿದು ಮನೆಯಿದ್ದ ಜಾಗದಿಂದ ನದಿಯ ತಿರುವಿನವರೆಗೆ ತಿಂಗಳುಗಟ್ಟಲೆ ಕೆಸರನ್ನು ಚುಚ್ಚುತ್ತಾ ಓಡಾಡಿದ. ಬೇರೆಯವರ ತೊಟ್ಟಿಲು ಸಿಕ್ಕಿತು, ಬೇರೆಯವರ ಕುದುರೆಯ ಮೂಳೆ ಸಿಕ್ಕಿತು. ಪೆಟ್ಟಿಗೆ ಸಿಗಲಿಲ್ಲ.

ಅತ್ತೆ ಆವತ್ತೇ ನಿಜ ಹೇಳಬಹುದಿತ್ತು, ಮರುದಿನವೂ ಹೇಳಬಹುದಿತ್ತು. ಆದರೆ ಅಜ್ಜಿ ಹನ್ನಾ ಗುಣವಾಗಿ ಎದ್ದು ಕೂತವಳೇ ಗಂಡನ ಮೇಲೆ ಹರಿಹಾಯ್ದಳು.

"ಇಪ್ಪತ್ತು ವರ್ಷ ನನ್ನ ಜೊತೆ ನೆಟ್ಟಗೆ ಮಾತಾಡ್ದೆ ಆ ಹಾಳೆಗಳ ಜೊತೆ ಸಂಸಾರ ಮಾಡಿದೆ. ಕೊನೆಗೆ ಅದನ್ನೇ ಮರೆತು ಬಂದೆಯಾ? ಹಿಟ್ಟಿನ ಮೂಟೆ ಮರೀಲಿಲ್ಲ, ನೋಡು!"

ತಾತ ತಪ್ಪು ತನ್ನದೇ ಎಂದು ಒಪ್ಪಿಕೊಂಡ; ಆಮೇಲೆ ನಿಜ ಹೇಳಲು ಅತ್ತೆಗೆ ಧೈರ್ಯ ಬರಲಿಲ್ಲ. ಅಲ್ಲಿಂದ ಹನ್ನೆರಡು ವರ್ಷ, ಮನೆಯಲ್ಲಿ ಉಪ್ಪಿನ ಡಬ್ಬಿ ಕಾಣದಿದ್ದರೂ ಅಜ್ಜಿ, "ನಿಮ್ಮಪ್ಪನ್ನ ಕೇಳು, ಎಲ್ಲಾದ್ರೂ ಮರೆತಿರ್ತಾನೆ" ಎನ್ನುತ್ತಿದ್ದಳು. ಊರಿನವರೂ ನಕ್ಕರು. ತನ್ನ ನೆನಪಿನ ಮೇಲೆ ತಾತನಿಗೇ ನಂಬಿಕೆ ಹೋಯಿತು. ಕಾಲುವೆಯ ಬಾಗಿಲು ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ಹೋಗಿ ನೋಡಿ ಬರುತ್ತಿದ್ದ. ಮತ್ತೆ ಬರೆಯಿರಿ ಎಂದು ಪ್ರಾರ್ಥನಾ ಮಂದಿರದ ಹಿರಿಯರು ಹೇಳಿದಾಗ, "ನನ್ನ ನೆನಪು ನೆಚ್ಚಿಕೊಂಡು ಏನು ಬರೀಲಿ ಸ್ವಾಮಿ?" ಎಂದುಬಿಟ್ಟ.

ಮೂರು ವರ್ಷ ಕಳೆದು, ೧೯೦೨ರಲ್ಲಿ, ನೂರಾರು ಜನ ಕಣಿವೆ ಬಿಟ್ಟು ಕೆನಡಾಕ್ಕೆ ಹೊರಟರು. ಮೂರು ವರ್ಷದ ಪ್ರವಾಹಗಳಿಂದ ಸೋತಿದ್ದರು, ಭಾನುವಾರ ದೇವರ ದಿನದಲ್ಲೂ ಹುಡುಗರನ್ನು ಕವಾಯತಿಗೆ ಕರೆಯುತ್ತಿದ್ದ ಸರ್ಕಾರದಿಂದ ಬೇಸತ್ತಿದ್ದರು. ಎಮ್ಲಿನ್ ಹ್ಯಾರಿಸನ ಮನೆಯವರೂ ಹೊರಟರು. ಅವನು ಬಂದು ಅತ್ತೆಯ ಮುಂದೆ ಟೋಪಿ ತಿರುಗಿಸುತ್ತಾ ನಿಂತ.

"ಹೊರಡೋ ಮೊದಲೇ ಮದುವೆ ಮಾಡ್ಕೊಂಡುಬಿಡೋಣ ನೆಸ್ಟ. ಅಲ್ಲಿ ಒಬ್ಬೊಬ್ಬರಿಗೆ ನೂರಾರು ಎಕರೆ ಕೊಡ್ತಾರಂತೆ."

"ನನಗೆ ಬರಕ್ಕಾಗಲ್ಲ ಎಮ್ಲಿನ್."

"ಯಾಕೆ? ಅಪ್ಪನ್ನ ನೋಡ್ಕೊಳ್ಳೋಕೆ ನಿಮ್ಮಮ್ಮ ಇದಾಳಲ್ಲ."

"ಅಪ್ಪನಿಗೆ ನಾನೊಂದು ಬಾಕಿ ಕೊಡಬೇಕು."

"ಏನು ಬಾಕಿ?"

ಅತ್ತೆ ಹಸು ಕರೆಯಲು ಎದ್ದಳು. ಎಮ್ಲಿನ್ ಟೋಪಿ ಹಾಕಿಕೊಂಡು ಹೋದ. ಹಡಗು ಹತ್ತಲು ಬಂಡಿಗಳು ಹೊರಟ ದಿನ ಅತ್ತೆ ಅವನನ್ನು ಬೀಳ್ಕೊಡಲು ಹೋದಳು. ಆದರೆ ಅವಳ ಕೈಯಲ್ಲಿ ಒಂದು ನೋಟುಬುಕ್ಕು, ಪೆನ್ಸಿಲು ಇದ್ದವು. ಬಂಡಿಯ ಮೇಲೆ ಕೂತಿದ್ದ ಎಮ್ಲಿನ್‌ನ ಅಜ್ಜಿಯ ಪಕ್ಕದಲ್ಲಿ ನಡೆಯುತ್ತಾ, ಆ ಮುದುಕಿ ಹಡಗಿನಲ್ಲಿ ಹೆತ್ತ ಕಥೆಯನ್ನು ಕೇಳಿ ಬರೆದುಕೊಂಡಳು. ಅದು ಅವಳ ಪುಸ್ತಕದ ಮೊದಲ ಪುಟ. ಗಾಳಿಗೆ ಹಾಳೆ ಹಾರಾಡಿ ಅಕ್ಷರ ಒಂದೂ ನೆಟ್ಟಗಿರಲಿಲ್ಲ.

ಅಲ್ಲಿಂದ ಇಪ್ಪತ್ತೈದು ವರ್ಷ ಅತ್ತೆ ಮಾಡಿದ್ದು ಇದೇ. ಹೊಲ, ಹಸು, ಬೆಣ್ಣೆ, ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ವೆಲ್ಷ್ ಅಕ್ಷರ. ಉಳಿದ ಹೊತ್ತೆಲ್ಲ ಹಳಬರ ಮನೆ ಬಾಗಿಲು. ತಾತ ಯಾರಿಂದ ಕೇಳಿ ಬರೆದುಕೊಂಡಿದ್ದನೋ ಅವರಲ್ಲಿ ಅರ್ಧದಷ್ಟು ಜನ ಸತ್ತಿದ್ದರು, ಕೆಲವರು ಕೆನಡಾದಲ್ಲಿದ್ದರು. ಅವಳು ಕೆನಡಾಕ್ಕೆ ಕಾಗದ ಹಾಕುತ್ತಿದ್ದಳು. ಎಮ್ಲಿನ್ ತನ್ನ ಮನೆಯವರ ವಿಷಯ ಬರೆದು ಕಳಿಸುತ್ತಿದ್ದ. ಮೊದಲು ಉದ್ದುದ್ದ ವೆಲ್ಷ್ ಕಾಗದಗಳು. ಮದುವೆಯಾದ ಮೇಲೆ ಚಿಕ್ಕವಾದವು. ನಡುನಡುವೆ ಇಂಗ್ಲಿಷ್ ಮಾತು ಬಂದವು. ಕೊನೆಗೆ ಒಂದು ಸಲ ಪೂರ್ತಿ ಇಂಗ್ಲಿಷಿನ ನಾಲ್ಕು ಸಾಲು ಬಂತು. ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದನ್ನು ಅಂಗಡಿಯವನ ಹತ್ತಿರ ಓದಿಸಿಕೊಂಡಳು. ಎಮ್ಲಿನ್ ಸತ್ತ ಎಂದು ಅವನ ಮಗಳು ಬರೆದಿದ್ದಳು.

ಈ ನಡುವೆ, ೧೯೧೧ರಲ್ಲಿ, ನಾನು ಹುಟ್ಟಿದ ವರ್ಷ, ತಾತ ತೀರಿಕೊಂಡ. ಎದೆಯ ಕಾಯಿಲೆ. ಮಲಗಿದಲ್ಲಿಂದ ಕಿಟಕಿಯಾಚೆ ಪಾಪ್ಲರ್ ಮರಗಳನ್ನು ನೋಡುತ್ತಾ ಇರುತ್ತಿದ್ದ. ಒಂದು ಬೆಳಗ್ಗೆ ಕೆಮ್ಮು ಸ್ವಲ್ಪ ತಗ್ಗಿತ್ತು. ಇವತ್ತು ಹೇಳಿಯೇಬಿಡುವುದು ಎಂದು ಗಟ್ಟಿ ಮನಸ್ಸು ಮಾಡಿ ಅತ್ತೆ ಮಂಚದ ಪಕ್ಕ ಕುರ್ಚಿ ಎಳೆದುಕೊಂಡಳು.

"ಅಪ್ಪ, ನಿನ್ನ ಹತ್ರ ಒಂದು ಮಾತು ಹೇಳ್ಬೇಕು."

"ನಾನೂ ನಿನ್ನ ಹತ್ರ ಹೇಳ್ಬೇಕು ಅಂತಿದ್ದೆ ಮಗಳೇ," ಎಂದ ತಾತ. "ಮೊದಲು ನಂದು ಕೇಳು. ಆ ಗುಡ್ಡದ ಮೇಲೆ, ಪೆಟ್ಟಿಗೆ ಎಲ್ಲಿ ಅಂತ ನಿನ್ನ ಕೇಳಿದೆನಲ್ಲ, ಆಗ ಒಂದು ಗಳಿಗೆ ನಿನ್ನ ಮೇಲೆ ಸಂಶಯಪಟ್ಟೆ. ನಾನು ಹೇಳಿದ್ದೆ, ಇವಳು ಸುಳ್ಳು ಹೇಳ್ತಿದಾಳೆ ಅಂತ ಮನಸ್ಸಲ್ಲಿ ಬಂತು. ಹೆತ್ತ ಮಗಳ ಮೇಲೆ. ಹನ್ನೆರಡು ವರ್ಷದಿಂದ ಅದು ಚುಚ್ಚುತ್ತಾ ಇದೆ ನನಗೆ. ತಪ್ಪಾಯ್ತು ಕಣಮ್ಮ."

ಅತ್ತೆ ಅವನ ಹೊದಿಕೆಯನ್ನು ಎಳೆದು ಸರಿಮಾಡಿದಳು.

"ನಿಂದೇನೋ ಹೇಳು ಈಗ," ಎಂದ ತಾತ.

"ಏನಿಲ್ಲ ಅಪ್ಪ. ಹೊಸ ಹಸು ಹಾಲು ಹೆಚ್ಚು ಕೊಡ್ತಿದೆ, ಅಷ್ಟೇ."

"ಒಳ್ಳೇದಾಯ್ತು," ಎಂದ ಅವನು. ಮೂರನೆಯ ದಿನ ತೀರಿಕೊಂಡ.

ಇದಿಷ್ಟನ್ನೂ ಅತ್ತೆ ತನ್ನ ಪುಸ್ತಕದ ಹನ್ನೆರಡನೆಯ ಅಧ್ಯಾಯದಲ್ಲಿ ಬರೆದಿಟ್ಟಿದ್ದಳು. ಆದರೆ ಅದು ನಮಗೆ ಯಾರಿಗೂ ೧೯೨೮ರವರೆಗೆ ಗೊತ್ತಿರಲಿಲ್ಲ.

ಆ ವರ್ಷ ನಮ್ಮ ಐಸ್ತೆದ್ವೋದ್‌ನಲ್ಲಿ, ಅಂದರೆ ಹಾಡು ಮತ್ತು ಬರಹದ ವಾರ್ಷಿಕ ಸ್ಪರ್ಧೆಯಲ್ಲಿ, ಕಣಿವೆಯ ಚರಿತ್ರೆಗೆ ಒಂದು ಬಹುಮಾನ ಇಟ್ಟಿದ್ದರು. ಬರೆದವರು ಸುಳ್ಳು ಹೆಸರು ಹಾಕಿ ಕಳಿಸಬೇಕು. ತೀರ್ಪುಗಾರ ವೇದಿಕೆಯಿಂದ ಆ ಹೆಸರು ಕೂಗಿದಾಗ ಗೆದ್ದವರು ಸಭೆಯಲ್ಲಿ ಎದ್ದು ನಿಲ್ಲಬೇಕು. ಅದು ಪದ್ಧತಿ. ತೀರ್ಪುಗಾರರಾಗಿದ್ದವರು ಪಾದ್ರಿ ಬೈನಾನ್ ಪ್ರಾಸರ್. ವೇಲ್ಸಿನಿಂದ ಬಂದು ಆರು ವರ್ಷವಾಗಿತ್ತು. ಓದಿದವರು, ಕೆಟ್ಟವರಲ್ಲ. ನಾವು ವೆಲ್ಷ್ ಮಾತಾಡುವಾಗ ನಡುವೆ ಒಂದು ಸ್ಪ್ಯಾನಿಷ್ ಮಾತು ನುಸುಳಿದರೆ ಬ್ರೆಡ್ಡಿನಲ್ಲಿ ಕಲ್ಲು ಕಡಿದವರ ಹಾಗೆ ಮುಖ ಮಾಡುತ್ತಿದ್ದರು.

ನನಗಾಗ ಹದಿನೇಳು. ಮೇಳದ ಹಾಡುಗಾರರ ಸಾಲಿನಲ್ಲಿ ವೇದಿಕೆಯ ಬಲಕ್ಕೆ ನಿಂತಿದ್ದೆ. ನಮ್ಮಪ್ಪ ಗ್ವಿಲಿಮ್ ಮತ್ತು ಅತ್ತೆ ನಾಲ್ಕನೆಯ ಬೆಂಚಿನಲ್ಲಿ ಕೂತಿದ್ದರು. ಅಜ್ಜಿ ಹನ್ನಾ ಅಷ್ಟರಲ್ಲಿ ತೀರಿಕೊಂಡಿದ್ದಳು. ಪಾದ್ರಿ ಪ್ರಾಸರ್ ಎದ್ದುನಿಂತು ಕನ್ನಡಕ ಒರೆಸಿಕೊಂಡರು.

"ಮೂರು ಬರಹ ಬಂದಿವೆ. ಎರಡನ್ನು ಬಿಡೋಣ. ಮೂರನೇದು ನಾಲ್ಕು ನೂರು ಪುಟ. ಬರೆದವರ ಹೆಸರು ಎಡದಂಡೆ. ಭಾಷೆ ಶುದ್ಧವಾಗಿಲ್ಲ. ಕುದುರೆಯ ಲಾಯಕ್ಕೆ, ಹೊಲದ ಬೇಲಿಗೆ, ಕೊನೆಗೆ ಮಾಂಸ ಸುಡೋದಕ್ಕೂ ಸ್ಪ್ಯಾನಿಷ್ ಪದ ಹಾಕಿದಾರೆ."

ಸಭೆಯಲ್ಲಿ ನಗು ಬಂತು. ಆ ಪದಗಳಿಗೆ ವೆಲ್ಷ್ ಪದ ಉಂಟು ಎನ್ನುವುದು ನಮ್ಮಲ್ಲಿ ಅರ್ಧ ಜನಕ್ಕೆ ಆವತ್ತೇ ಗೊತ್ತಾದದ್ದು.

"ಆದರೂ," ಎಂದರು ಪಾದ್ರಿ, "ಇಂಥ ಬರಹ ನಾನು ಓದಿಲ್ಲ. ಹಡಗಿನಿಂದ ಇಳಿದ ಒಬ್ಬೊಬ್ಬರೂ ಇದರಲ್ಲಿ ಉಸಿರಾಡ್ತಾರೆ. ನಾನು ವೇಲ್ಸಿನ ಒಬ್ಬ ಪ್ರಕಾಶಕರಿಗೆ ಬರೆದು ಕೇಳಿದೀನಿ, ಅಚ್ಚು ಹಾಕ್ತೀವಿ ಅಂದಿದಾರೆ. ಒಂದೇ ತೊಡಕು. ಹನ್ನೆರಡನೇ ಅಧ್ಯಾಯ ಚರಿತ್ರೆ ಅಲ್ಲ. ಬರೆದವರ ಮನೆಯ ಸ್ವಂತ ವಿಷಯ. ಅದು ದೇವರ ಹತ್ರ ಹೇಳ್ಕೊಳ್ಳೋ ಮಾತು, ಪುಸ್ತಕದಲ್ಲಿ ಹಾಕೋದಲ್ಲ. ಒಂದು ಮರ್ಯಾದಸ್ಥ ಮನೆತನಕ್ಕೂ ಅದರಿಂದ ಒಳ್ಳೇದಾಗಲ್ಲ. ಅದನ್ನ ತೆಗೆಯೋಕೆ ಒಪ್ಪೋದಾದರೆ ಬಹುಮಾನ ಎಡದಂಡೆಗೆ. ಎಡದಂಡೆ ಇದ್ದರೆ ಎದ್ದು ನಿಲ್ಲಲಿ."

ಪ್ರಾರ್ಥನಾ ಮಂದಿರದ ಬೆಂಚುಗಳು ಕಿರುಗುಟ್ಟಿದವು. ಜನ ಅತ್ತ ಇತ್ತ ಕತ್ತು ತಿರುಗಿಸಿದರು. ನೆಸ್ಟತ್ತೆ ಎದ್ದು ನಿಂತಳು. ಚಪ್ಪಾಳೆ ಶುರುವಾಯಿತು, ಹಾಡುಗಾರರ ಸಾಲಿನಲ್ಲಿ ನಾನೇ ಎಲ್ಲರಿಗಿಂತ ಜೋರಾಗಿ ಹೊಡೆದೆ. ಅವಳು ಕೈ ಎತ್ತಿ ನಿಲ್ಲಿಸಿದಳು.

"ಪಾದ್ರಿಗಳೇ, ಸ್ಪ್ಯಾನಿಷ್ ಮಾತುಗಳನ್ನ ಬೇಕಾದ್ರೆ ತಿದ್ದಿ. ಆ ಅಧ್ಯಾಯ ಮಾತ್ರ ತೆಗೆಯಲ್ಲ."

"ಯೋಚನೆ ಮಾಡಿ ಹೇಳಿ, ನೆಸ್ಟಮ್ಮ."

"ಅದಿಲ್ಲದಿದ್ರೆ ಉಳಿದಿದ್ದನ್ನ ನಾನು ಬರೀತಾನೇ ಇರಲಿಲ್ಲ," ಎಂದು ಅತ್ತೆ ಕೂತುಬಿಟ್ಟಳು.

ಪಾದ್ರಿ ಕನ್ನಡಕ ತೆಗೆದಿಟ್ಟರು. ಆಮೇಲೆ ಕಾಗದ ಮಡಚಿ, "ಈ ಸಲ ಬಹುಮಾನಕ್ಕೆ ಯೋಗ್ಯರು ಯಾರೂ ಇಲ್ಲ," ಎಂದರು. ನಾವು ಮುಂದಿನ ಹಾಡು ಹಾಡಬೇಕಾಯಿತು. ಹಾಡಿದೆವು.

ಹೊರಗೆ ಉದ್ದನೆಯ ಮೇಜುಗಳ ಮೇಲೆ ಚಹಾ, ಬೆಣ್ಣೆ ಹಚ್ಚಿದ ಬ್ರೆಡ್ಡು, ಕಪ್ಪು ಕೇಕು ಇಟ್ಟಿದ್ದರು. ಯಾರೂ ಅತ್ತೆಯ ಹತ್ತಿರ ಬರಲಿಲ್ಲ. ಅಪ್ಪ ಲೋಟ ಹಿಡಿದು ನೇರವಾಗಿ ಅವಳ ಎದುರಿಗೆ ಬಂದು ನಿಂತ.

"ಏನಿದೆ ಅಕ್ಕ ಆ ಅಧ್ಯಾಯದಲ್ಲಿ? ಮನೆತನ ಅಂದ್ರಲ್ಲ, ಅದು ನಮ್ಮ ಮನೆತನ ತಾನೇ?"

"ಮನೇಲಿ ಹೇಳ್ತೀನಿ ಗ್ವಿಲಿಮ್."

"ಇಲ್ಲೇ ಹೇಳು. ಊರಿಗೆಲ್ಲ ಓದಿಸೋಕೆ ಹೊರಟಿದ್ದೆ, ನನಗೆ ಹೇಳೋಕೆ ಮನೆ ಬೇಕಾ?"

ಅತ್ತೆ ಹೇಳಿದಳು. ಚಹಾದ ದೊಡ್ಡ ಹಂಡೆಯ ಪಕ್ಕದಲ್ಲಿ, ಗಾಳಿಗೆ ಹಾರುತ್ತಿದ್ದ ಮೇಜುಬಟ್ಟೆಯನ್ನು ಒಂದು ಕೈಯಲ್ಲಿ ಒತ್ತಿಹಿಡಿದುಕೊಂಡು, ಎಂಟು ಹತ್ತು ಮಾತಿನಲ್ಲಿ ಮುಗಿಸಿದಳು. ಅಪ್ಪನ ಮುಖ ಮೊದಲು ಕೆಂಪಾಗಿ ಆಮೇಲೆ ಬಿಳಿಚಿಕೊಂಡಿತು.

"ಅಮ್ಮ ಅಪ್ಪನ್ನ ಮರೆಗುಳಿ ಮರೆಗುಳಿ ಅಂತ ಹಂಗಿಸ್ತಿದ್ದಳು. ನಾನೂ ನಗ್ತಿದ್ದೆ," ಎಂದ. "ಹತ್ತು ವರ್ಷದವನು, ಹದಿನೈದು ವರ್ಷದವನು, ಅಪ್ಪನ್ನ ನೋಡಿ ನಗ್ತಿದ್ದೆ. ನೀನು ಪಕ್ಕದಲ್ಲೇ ಕೂತು ಬ್ರೆಡ್ಡು ಕೊಯ್ತಿದ್ದೆ."

"ಹೌದು."

"ಹೌದು ಅಂತೀಯಲ್ಲ ಅಷ್ಟು ಸಲೀಸಾಗಿ!"

"ಸಲೀಸಾಗಿ ಅನ್ನೋಕೆ ಇಪ್ಪತ್ತೊಂಬತ್ತು ವರ್ಷ ಬೇಕಾಯ್ತು," ಎಂದಳು ಅತ್ತೆ.

ಅಪ್ಪ ಲೋಟವನ್ನು ಮೇಜಿನ ಮೇಲಿಟ್ಟು ಬಂಡಿ ಕಟ್ಟಲು ಹೋದ. ಅತ್ತೆ ಆವತ್ತು ಬೇರೆಯವರ ಬಂಡಿಯಲ್ಲಿ ಮನೆಗೆ ಬಂದಳು. ಒಂದೇ ಹೊಲದ ಎರಡು ತುದಿಯಲ್ಲಿ ಎರಡು ಮನೆ ನಮ್ಮವು. ಅಪ್ಪ ಅವಳ ಕಡೆಯ ಕಾಲುವೆಗೆ ತಪ್ಪದೆ ನೀರು ಬಿಡುತ್ತಿದ್ದ, ಸೌದೆ ಕಡಿದು ಬಾಗಿಲಲ್ಲಿ ಹಾಕಿಸುತ್ತಿದ್ದ. ಮಾತು ಮಾತ್ರ ಇಲ್ಲ.

ಮುಂದಿನ ವಾರ ಬೆಟ್ಸನ್ ಅಜ್ಜಿ ಅತ್ತೆಯನ್ನು ಹುಡುಕಿಕೊಂಡು ಬಂದಳು. ಹಡಗಿನಿಂದ ಮಗುವಾಗಿ ಇಳಿದವರಲ್ಲಿ ಬದುಕಿದ್ದವರು ಅವಳೂ ಸೇರಿ ಐದಾರು ಜನ. ಕಾಲು ಊದಿಕೊಂಡಿತ್ತು, ಮೊಮ್ಮಗಳ ಹೆಗಲು ಹಿಡಿದುಕೊಂಡು ಬಂದಿದ್ದಳು. ನಾನು ಅತ್ತೆಯ ಅಡುಗೆಮನೆಯಲ್ಲಿ ಬೆಣ್ಣೆ ಕಡೆಯುತ್ತಿದ್ದೆ.

"ಕೂತ್ಕೊಳ್ಳಿ ಬೆಟ್ಸನಜ್ಜಿ," ಎಂದಳು ಅತ್ತೆ.

"ಕೂರೋಕೆ ಬಂದಿಲ್ಲ. ನಾಲ್ಕು ಮಾತು ಅಂದು ಹೋಗ್ತೀನಿ. ಹಡಗಿಂದ ಇಳಿದ ಹೊಸದ್ರಲ್ಲಿ ಎಲ್ರೂ ದಂಡೆಯ ಗುಹೆಗಳಲ್ಲಿ ಇದ್ದಾಗ ನಮ್ಮಮ್ಮ ಅಲ್ಲೇ ಸತ್ತಳು. ಅವಳಿಗೆ ಕಲ್ಲಿಲ್ಲ, ಶಿಲುಬೆ ಇಲ್ಲ. ನಿಮ್ಮಪ್ಪ ಬಂದು ಅವಳ ಹೆಸರು ಬರ್ಕೊಂಡ, ಅದು ನೀರಲ್ಲಿ ಹೋಯ್ತು. ನೀನು ಬಂದು ಮತ್ತೆ ಬರ್ಕೊಂಡೆ. ಮೂರು ಸಲ ಬಂದೆ, ಮೂರು ಸಲಾನೂ ಚಹಾ ಕುಡಿದು ಹೋದೆ. ಅಚ್ಚಲ್ಲಿ ನಮ್ಮಮ್ಮನ ಹೆಸರು ನೋಡಿ ಸಾಯೋಣ ಅಂತಿದ್ದೆ. ಈಗ ನಿನ್ನ ಒಂದು ಅಧ್ಯಾಯಕ್ಕೋಸ್ಕರ ಅವಳನ್ನ ಮತ್ತೆ ಮುಳುಗಿಸಿದೆಯಲ್ಲೇ!"

"ಸುಳ್ಳಿನ ಮೇಲೆ ಆ ಪುಸ್ತಕ ನಿಲ್ಲಿಸೋಕೆ ನನ್ನ ಕೈಲಿ ಆಗಲ್ಲ ಅಜ್ಜಿ."

"ನಿನ್ನ ಸುಳ್ಳು, ನಿನ್ನ ನಿಜ! ಎರಡೂ ನಿಂದೇ. ನಾವು ಎಲ್ಲಿ ಹೋಗ್ಬೇಕು?"

ಬೆಟ್ಸನ್ ಅಜ್ಜಿ ಹೊಸ್ತಿಲು ದಾಟಿದ ಮೇಲೆ ಮೊಮ್ಮಗಳು ಅವಳನ್ನು ಸ್ಪ್ಯಾನಿಷ್‌ನಲ್ಲಿ ಏನೋ ಕೇಳಿದಳು. ಆ ಹುಡುಗಿಗೆ ಒಳಗೆ ನಡೆದ ಮಾತು ಒಂದೂ ಅರ್ಥವಾಗಿರಲಿಲ್ಲ.

ಅತ್ತೆ ಹೋಗಿ ಪಾದ್ರಿಗೆ ಒಪ್ಪಿಕೊಳ್ಳುತ್ತಾಳೆ ಎಂದೇ ನಾನು ಅಂದುಕೊಂಡೆ, ಅವಳೂ ಒಮ್ಮೆ ಕುದುರೆಗೆ ಜೀನು ಹಾಕಿದ್ದಳು. ಹಾಕಿ, ಅಂಗಳದಲ್ಲಿ ಅರ್ಧ ಗಂಟೆ ನಿಂತು, ಬಿಚ್ಚಿದಳು. ಅವಳದು ಸರಿಯೋ ತಪ್ಪೋ ನನಗೆ ಈಗಲೂ ಗೊತ್ತಿಲ್ಲ. ಒಮ್ಮೊಮ್ಮೆ ಅದು ಪ್ರಾಮಾಣಿಕತೆ ಅನ್ನಿಸುತ್ತದೆ, ಒಮ್ಮೊಮ್ಮೆ ಬರೀ ಹಟ.

ಆಮೇಲೆ ಅವಳು ಮಾಡಿದ್ದು ಇದು. ಆ ನಾಲ್ಕು ನೂರು ಪುಟಗಳ ದಾರ ಬಿಚ್ಚಿದಳು. ಯಾವ ಮನೆಯವರ ಕಥೆ ಯಾವುದೋ ಅದನ್ನು ಬೇರೆಬೇರೆ ಮಾಡಿ ಹೊಲಿದಳು. ಕೆಲವು ಹತ್ತು ಪುಟ, ಕೆಲವು ಒಂದೇ ಹಾಳೆ. ಎರಡು ಮನೆಗೆ ಸೇರಿದ್ದನ್ನು ನಕಲು ಮಾಡಿದಳು. ಮೊದಲು ಬೆಟ್ಸನ್ ಅಜ್ಜಿಯ ಮನೆಗೆ ಹೋದಳು. ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಅಜ್ಜಿ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅತ್ತೆ ಬಾಗಿಲ ಹತ್ತಿರದ ಮಣೆಯ ಮೇಲೆ ಕೂತು ಓದಿದಳು. ಗುಹೆಯ ಬಾಯಿಗೆ ಹಾಯಿಬಟ್ಟೆ ಕಟ್ಟಿದ್ದು, ಕುಡಿಯುವ ನೀರು ಮುಗಿದದ್ದು, ಮೂರು ವರ್ಷದ ಬೆಟ್ಸನ್ ಸತ್ತ ತಾಯಿಯ ಪಕ್ಕ ಬೆಳಗಾಗುವವರೆಗೆ ಮಲಗಿದ್ದು. ಓದಿ ಮುಗಿದ ಮೇಲೆ ಅಜ್ಜಿ ಕೈ ಚಾಚಿ ಹಾಳೆಗಳನ್ನು ತೆಗೆದುಕೊಂಡಳು.

"ಅಚ್ಚಿಂದಲ್ಲ ಇದು," ಎಂದಳು.

"ಅಲ್ಲ ಅಜ್ಜಿ."

"ಹೋಗ್ಲಿ. ಅಕ್ಷರ ಚೆನ್ನಾಗಿದೆ," ಎಂದು ಬೈಬಲಿನೊಳಗೆ ಇಟ್ಟುಕೊಂಡಳು. ಚಹಾ ಕೊಡಲಿಲ್ಲ.

ಹೀಗೆ ಭಾನುವಾರದ ಮಧ್ಯಾಹ್ನಗಳಲ್ಲಿ, ವರ್ಷಗಟ್ಟಲೆ, ಅತ್ತೆ ಮನೆಮನೆಗೆ ಹೋಗಿ ಅವರವರದನ್ನು ಓದಿ, ಅವರವರಿಗೇ ಕೊಟ್ಟು ಬಂದಳು. ಕೆಲವು ಮನೆಗಳಲ್ಲಿ ಹಳಬರು ಅತ್ತರು. ಕೆಲವು ಮನೆಗಳಲ್ಲಿ ಹಳಬರೇ ಉಳಿದಿರಲಿಲ್ಲ, ಮಕ್ಕಳು ಈ ನಾಡಿನ ಎಲೆಚಹಾ ಮಾಟೆ ಕುಡಿಯುತ್ತಾ, ಮರ್ಯಾದೆಗೆ ಕೂತು ಕೇಳಿ, "ಏನಂದ್ರು ಇವರು?" ಎಂದು ಒಬ್ಬರನ್ನೊಬ್ಬರು ಸ್ಪ್ಯಾನಿಷ್‌ನಲ್ಲಿ ಕೇಳಿಕೊಳ್ಳುತ್ತಿದ್ದರು. ಅತ್ತೆ ತನ್ನ ಒಡಕು ಸ್ಪ್ಯಾನಿಷ್‌ನಲ್ಲಿ ಅರ್ಥ ಹೇಳುತ್ತಿದ್ದಳು. ಬರಹದಲ್ಲಿ ಪಾದ್ರಿ ಪ್ರಾಸರ್ ಬೇಡ ಎಂದ ಆ ಸ್ಪ್ಯಾನಿಷ್ ಮಾತುಗಳಷ್ಟೇ ಅವರಿಗೆ ಅರ್ಥವಾಗುತ್ತಿದ್ದವು. ಕೆನಡಾದ ಮನೆಗಳದ್ದನ್ನು ಅಂಚೆಯಲ್ಲಿ ಕಳಿಸಿದಳು. ಒಂದು ವಾಪಸ್ಸು ಬಂತು, ವಿಳಾಸದಾರರು ಇಲ್ಲವೆಂದು. ಉಳಿದವು ತಲುಪಿದವೋ ಇಲ್ಲವೋ ತಿಳಿಯದು.

ಒಂದು ಮನೆಯಲ್ಲಿ ಆ ಹಾಳೆಗಳನ್ನು ಪಾತ್ರೆ ಕಪಾಟಿನ ತಳಕ್ಕೆ ಹಾಸಿದ್ದನ್ನು ನಾನು ಕಣ್ಣಾರೆ ಕಂಡೆ. ಅತ್ತೆಗೆ ಹೇಳಲಿಲ್ಲ. ಅವಳೂ ಕಂಡಿದ್ದಳು ಎನ್ನುವುದು ಆಮೇಲೆ ಗೊತ್ತಾಯಿತು.

"ನೋಡಿದೆಯಾ ಎಲ್ವಿರಾ?" ಎಂದು ಒಂದು ದಿನ ನನ್ನನ್ನು ಕೇಳಿದಳು. ಎಲ್ವಿರಾ ನನ್ನ ಹೆಸರು, ಸ್ಪ್ಯಾನಿಷ್ ಹೆಸರು. ವೆಲ್ಷ್ ಹೆಸರನ್ನು ನೋಂದಣಿ ಕಚೇರಿಯಲ್ಲಿ ಬರೆದುಕೊಳ್ಳಲಿಲ್ಲವಂತೆ. "ಪುಸ್ತಕವಾಗಿದ್ರೆ ಹಾಗೆ ಹಾಸ್ತಿರಲಿಲ್ಲ. ರಟ್ಟು ಇರ್ತಿತ್ತಲ್ಲ, ಬೆನ್ನು ಇರ್ತಿತ್ತಲ್ಲ."

"ಬೇಜಾರಾಯ್ತಾ ಅತ್ತೆ?"

"ಆಯ್ತು," ಎಂದಳು. ಸ್ವಲ್ಪ ದೂರ ನಡೆದ ಮೇಲೆ ಮತ್ತೆ, "ತುಂಬ ಆಯ್ತು ಕಣೇ," ಎಂದಳು.

ಕೊನೆಯ ಏಳೆಂಟು ವರ್ಷ ಅವಳಿಗೆ ಕಣ್ಣು ಮಂಜಾಯಿತು. ಭಾನುವಾರದ ಶಾಲೆಯಲ್ಲಿ ಮಕ್ಕಳು ಐದಕ್ಕೆ ಇಳಿದು, ಮೂರಕ್ಕೆ ಇಳಿದು, ನಿಂತೇಹೋಯಿತು. ಪಾದ್ರಿ ಪ್ರಾಸರ್ ವೇಲ್ಸಿಗೆ ಮರಳಿದ್ದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಅತ್ತೆ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಳು. ಅಪ್ಪ ಅವಳಿಗೆ ತಟ್ಟೆ ಸರಿಸುತ್ತಿದ್ದ, ಮಾಂಸ ಕೊಯ್ದು ಕೊಡುತ್ತಿದ್ದ. "ಉಪ್ಪು ಬೇಕಾ ಕೇಳು ಎಲ್ವಿರಾ" ಎಂದು ನನ್ನ ಮೂಲಕ ಕೇಳುತ್ತಿದ್ದ. "ಸಾಕು ಅನ್ನು" ಎನ್ನುತ್ತಿದ್ದಳು ಅವಳು. ಇಬ್ಬರೂ ಒಂದೇ ಮೇಜಿನಲ್ಲಿ ಎದುರುಬದುರು ಕೂತಿರುತ್ತಿದ್ದರು. ನಾನು ಬೇಸತ್ತು ಒಮ್ಮೆ, "ನೀವೇ ಕೇಳ್ಕೊಳ್ಳಿ, ನನ್ನ ಬಾಯಿ ನೋಯ್ತದೆ" ಎಂದೆ. ಅಪ್ಪ ಉಪ್ಪಿನ ಬಟ್ಟಲನ್ನು ಅವಳ ಕೈಗೇ ತಗಲುವ ಹಾಗೆ ಸರಿಸಿದ. ಅದಕ್ಕಿಂತ ಹೆಚ್ಚು ಮುಂದುವರಿಯಲಿಲ್ಲ.

೧೯೪೯ರ ಆಗಸ್ಟಿನಲ್ಲಿ ಅವಳು ಶೀತ ಹತ್ತಿ ನಾಲ್ಕು ದಿನ ಮಲಗಿ ತೀರಿಕೊಂಡಳು. ಅವಳ ಬಾಯಲ್ಲಿ ಕೊನೆಗೆ ಬರುತ್ತಿದ್ದದ್ದು ಬರೀ ಹೆಸರುಗಳು, ಹಡಗಿನವರ ಹೆಸರುಗಳು, ಪಟ್ಟಿ ಓದಿದ ಹಾಗೆ. ನಡುವೆ ಒಂದು ಹೆಸರು ತಪ್ಪಿಹೋದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಹೂಳುವಾಗ ಹಾಡಿದ ಕೀರ್ತನೆಯ ರಾಗ ಎಲ್ಲರಿಗೂ ಬಂತು. ಸಾಹಿತ್ಯ ಗೊತ್ತಿದ್ದವರು ಹನ್ನೊಂದು ಜನ, ಮಿಕ್ಕವರು ಗುನುಗಿದರು.

ಅವಳ ಮನೆ ಖಾಲಿ ಮಾಡುವಾಗ ಮೇಜಿನ ಡ್ರಾಯರಿನಲ್ಲಿ ಒಂದು ಕಟ್ಟು ಸಿಕ್ಕಿತು. ಹಂಚಿ ಉಳಿದದ್ದು ಅದೊಂದೇ: ಹನ್ನೆರಡನೆಯ ಅಧ್ಯಾಯ, ಬೆವನ್ ಮನೆಯದು. ಮೇಲೆ ಅಪ್ಪನ ಹೆಸರು ಬರೆದಿತ್ತು. ಎಲ್ಲರ ಮನೆಗೂ ಹೋಗಿ ಓದಿದವಳು ಈ ಒಂದು ಮನೆಯಲ್ಲಿ ಮಾತ್ರ ಓದಿರಲಿಲ್ಲ. ಅಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿ ನನಗೆ ಕೊಟ್ಟುಬಿಟ್ಟ.

ಒಂಬತ್ತು ವರ್ಷ ಅದು ನನ್ನ ಬೀರುವಿನಲ್ಲಿ ಇತ್ತು. ಅಪ್ಪನಿಗೆ ಎಪ್ಪತ್ತು ಹತ್ತಿರವಾಯಿತು, ಕಾಲಿನ ಸ್ವಾಧೀನ ತಪ್ಪಿ ಕಿಟಕಿಯ ಪಕ್ಕ ಕೂತಿರುತ್ತಿದ್ದ. ಒಂದು ಮಧ್ಯಾಹ್ನ ತಾನಾಗಿಯೇ ಕೇಳಿದ.

"ಅಕ್ಕನ ಕಾಗದ ಇದೆಯಾ ನಿನ್ನ ಹತ್ರ?"

"ಇದೆ ಅಪ್ಪ."

"ಓದು ನೋಡೋಣ."

ಓದಿದೆ. ಏರಿ ಒಡೆದದ್ದು, ಬಂಡಿ ಕಟ್ಟಿದ್ದು, ಗುಡ್ಡದ ಮೇಲಿನ ಮಾತು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ತಾತ ಸಲಾಕಿ ಹಿಡಿದು ಕೆಸರಿನಲ್ಲಿ ಓಡಾಡುವ ಭಾಗಕ್ಕೆ ಬಂದಾಗ, ತಾತ ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು ಬಗ್ಗುತ್ತಿದ್ದ ರೀತಿಯನ್ನು ಅವಳು ಎರಡು ಸಾಲು ಬರೆದಿದ್ದಳು. ಅಪ್ಪ ಕೈ ಎತ್ತಿದ.

"ಹಾಗೇ ಬಗ್ತಿದ್ದ," ಎಂದ. "ಹಾಗೇ. ನನಗೆ ಮರೆತುಹೋಗಿತ್ತು."

ನಾನು ಮುಂದಿನ ಹಾಳೆ ತಿರುವಿದೆ. ಅದು ತಾತನ ಮಂಚದ ಪಕ್ಕ ನಡೆದ ಮಾತು.

"ಸಾಕು," ಎಂದ ಅಪ್ಪ. "ಉಳಿದಿದ್ದು ನಾಳೆ ಓದು."

ಮರುದಿನ ಅವನು ಕೇಳಲಿಲ್ಲ. ನಾನೂ ನೆನಪಿಸಲಿಲ್ಲ. ಆ ಚಳಿಗಾಲ ಕಳೆಯುವ ಮೊದಲೇ ಅವನೂ ಹೋದ.